ದೊಡ್ಡತ್ತೆಯನ್ನು ಕಟ್ಟಿಹಾಕಿದ ಜಾಲ

ಬೆಟ್ಟದ ಮೇಲೆ ಬಿದ್ದ ಹಿಮ ಕೆಳಗೆ ಜಾರದ ಹಾಗೆ ಅದನ್ನು ಬೆಟ್ಟಕ್ಕೇ ಬೆಸೆದುಬಿಟ್ಟರೆ ಹೇಗೆ ಎಂಬ ಯೋಚನೆ ಹೊಳೆದದ್ದು, ಇಪ್ಪತ್ತಾರು ವರ್ಷ ತುಂಬುವವರೆಗೆ ಹಿಮವನ್ನೇ ಕಾಣದ ಒಬ್ಬ ಮನುಷ್ಯನಿಗೆ. ಬಾಗಲಕೋಟೆ ಕಡೆಯ ಸಂಗನಬಸಪ್ಪ ಕಮತಗಿ ಅವನ ಹೆಸರು. ಅವನ ಊರಲ್ಲಿ ಆಕಾಶದಿಂದ ಬಿಳಿಯದ್ದು ಏನಾದರೂ ಬಿದ್ದರೆ ಅದು ಸಿಮೆಂಟ್ ಕಾರ್ಖಾನೆಯ ಧೂಳು. ಬೆಟ್ಟದಲ್ಲೇ ಹುಟ್ಟಿದವರಿಗೆ ಇಂಥ ಯೋಚನೆ ಬರುವುದು ಸಾಧ್ಯವಿರಲಿಲ್ಲ ಬಿಡಿ. ಹಿಮ ಜಾರುತ್ತದೆ, ನೀರು ಹರಿಯುತ್ತದೆ, ಅತ್ತೆ ಬೈಯುತ್ತಾಳೆ. ಇದನ್ನೆಲ್ಲ ನಿಲ್ಲಿಸಲು ಯಾರು ಹೋಗುತ್ತಾರೆ?

ಅತ್ತೆಯ ಮಾತು ಸುಮ್ಮನೆ ಬಂದದ್ದಲ್ಲ. ಹಿಮಾಲಯದ ಶುಲಿಂಗ್ ಕಣಿವೆಯ ಜನ ತಮ್ಮ ಊರಿನ ಪಕ್ಕದ ದೊಡ್ಡ ಇಳಿಜಾರಿಗೆ ಇಟ್ಟಿದ್ದ ಹೆಸರನ್ನು ಕನ್ನಡಕ್ಕೆ ತಂದರೆ 'ದೊಡ್ಡತ್ತೆ' ಎಂದೇ ಆಗುತ್ತದೆ. ಪ್ರತಿ ಚಳಿಗಾಲ ಹೇಳದೆ ಕೇಳದೆ ಒಂದೆರಡು ಸಲ ಇಳಿದು ಬಂದು ಕೆಳಗಿನ ಬಯಲನ್ನೆಲ್ಲ ಗುಡಿಸಿ ಹೋಗುತ್ತಿದ್ದಳು. ಕಣಿವೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಬಿಸಿಲು ಬೀಳುತ್ತಿತ್ತು, ನೀರು ಹತ್ತಿರ, ರಸ್ತೆ ಇನ್ನೂ ಹತ್ತಿರ. ಆದರೂ ಯಾರೂ ಅಲ್ಲಿ ಮನೆ ಕಟ್ಟುತ್ತಿರಲಿಲ್ಲ. ಇಳಿಜಾರಿನ ಆಚೆ ಬದಿಯ ಬಂಡೆಯ ಮೇಲೆ ಹಳೇ ಊರು ಇತ್ತು. ಅಲ್ಲೇ ಇಕ್ಕಟ್ಟಿನಲ್ಲಿ, ಕೆಳಗೆ ಕುರಿ ಮೇಲೆ ಮನುಷ್ಯರು ಎಂಬಂತೆ ಮಲಗಿ ಚಳಿಗಾಲ ಕಳೆಯುತ್ತಿದ್ದರು.

ಸಂಗನಬಸಪ್ಪನ ಜಾಲ ನೋಡುವುದಕ್ಕೆ ಏನೂ ಅಲ್ಲ. ದೊಡ್ಡತ್ತೆಯ ಮೈತುಂಬ ಕಂಬ ನೆಟ್ಟು, ಕೂದಲಿಗಿಂತ ತುಸು ದಪ್ಪದ ತಂತಿಗಳನ್ನು ಹಂತ ಹಂತವಾಗಿ ಹೆಣೆದಿದ್ದ. ಹಿಮ ಬಿದ್ದ ಹಾಗೆ ತಂತಿಗಳು ಅದರೊಳಗೆ ಹೂತುಹೋಗುತ್ತಿದ್ದವು. ವಿದ್ಯುತ್ತು ಮಿಡಿತ ಮಿಡಿತವಾಗಿ ಹರಿಯುತ್ತಿತ್ತು. ಒಂದು ಮಿಡಿತಕ್ಕೆ ಹಿಮದ ಕಾಳುಗಳ ಮೈ ಬೆವರುತ್ತಿತ್ತು, ಮರುಗಳಿಗೆಗೆ ಆ ಬೆವರು ಹೆಪ್ಪುಗಟ್ಟಿ ಕಾಳಿಗೆ ಕಾಳು ಅಂಟುತ್ತಿತ್ತು. ಆದರೆ ಒಮ್ಮೆ ಅಂಟಿಸಿ ಕೈತೊಳೆದುಕೊಳ್ಳುವ ಕೆಲಸವಲ್ಲ ಅದು. ನೆಲದ ಬಿಸಿ ತಳದ ಪದರವನ್ನು ಸಕ್ಕರೆಯ ಹಾಗೆ ಬಿಡಿಬಿಡಿಯಾಗಿಸುತ್ತಲೇ ಇರುತ್ತದೆ, ಜಾಲ ಅದನ್ನು ಬೆಸೆಯುತ್ತಲೇ ಇರಬೇಕು. ವಿದ್ಯುತ್ತು ನಿಂತರೆ ಕೆಲವೇ ನಿಮಿಷಕ್ಕೆ ಸಕ್ಕರೆ ಗೆಲ್ಲುತ್ತದೆ.

ಮೊದಲ ಎರಡು ಚಳಿಗಾಲ ಊರವರು ನಂಬಲಿಲ್ಲ. ಅಂಕಿಅಂಶ ತೋರಿಸಿದ, ಸಭೆ ಮಾಡಿದ, ಚಹಾ ಕುಡಿಸಿದ. ಚಹಾ ಕುಡಿದು ನಕ್ಕು ಎದ್ದುಹೋದರು. ಮೂರನೆಯ ವರ್ಷ ಅವನಿಗೆ ರೋಸಿಹೋಗಿ, ಬಯಲಿನ ನಟ್ಟನಡುವೆ ತಾನೇ ಒಂದು ಮನೆ ಕಟ್ಟಿಸಿ ಹೆಂಡತಿ ದಾಕ್ಷಾಯಣಿಯನ್ನು ಕರೆತಂದು ಇರಿಸಿದ. ಜನ ಆ ಚಳಿಗಾಲವಿಡೀ ಬಂಡೆಯ ಮೇಲಿಂದ ಆ ಮನೆಯ ಹೊಗೆಯನ್ನೇ ನೋಡಿದರು. ಮುಂದಿನ ಬೇಸಿಗೆಗೆ ಬಯಲಿನಲ್ಲಿ ಏಳು ಮನೆ ಎದ್ದವು. ಐದು ವರ್ಷಕ್ಕೆ ಅದು ಒಂದು ಊರೇ ಆಗಿ, 'ಹೊಸ ಬಸ್ತಿ' ಎಂಬ ಹೆಸರೂ ಬಂತು. ಯಂತ್ರವನ್ನು ಯಾರೂ ನಂಬಿರಲಿಲ್ಲ, ನಂಬಿದ್ದು ದಾಕ್ಷಾಯಣಿಯ ಒಲೆಯ ಹೊಗೆಯನ್ನು. ಇದು ಸಂಗನಬಸಪ್ಪನಿಗೂ ಗೊತ್ತಿತ್ತು. ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಈ ಸಲ ಮಾಘದ ಬಿರುಗಾಳಿ ಶುರುವಾದ ದಿನ ಅವನು ಮನೆಯಲ್ಲೇ ಇದ್ದ. ದಾಕ್ಷಾಯಣಿ ಊರಿಂದ ತರಿಸಿದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಆಬಿ ಕೂತಿದ್ದಳು. ಆಬಿ ಎಂದರೆ ಅಲ್ಲಿಯ ಮಾತಿನಲ್ಲಿ ಅಜ್ಜಿ. ಎಂಬತ್ತು ದಾಟಿದ ಆ ಮುದುಕಿಯನ್ನು ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಅವಳ ದೊಡ್ಡ ಮಗ ಪಲ್ದನ್ ಸಂಗನಬಸಪ್ಪನ ಜೊತೆ ಜಾಲ ನಡೆಸುವ ಕೇಂದ್ರದಲ್ಲಿ ತಂತ್ರಜ್ಞ. ಚಿಕ್ಕವನು ನವಾಂಗ್ ಕುರಿ ಮೇಯಿಸಿಕೊಂಡು ತಾಯಿಯ ಜೊತೆ ಇದ್ದ.

ಆಬಿ ಕಿಟಕಿಯಿಂದ ಹೊರಗೆ ನೋಡಿ ಏನೋ ಅಂದಳು.

"ಏನಂತ?" ಎಂದ ಸಂಗನಬಸಪ್ಪ. ಎಂಟು ವರ್ಷವಾದರೂ ಅವನಿಗೆ ಆ ಭಾಷೆ ಬಂದಿರಲಿಲ್ಲ. ದಾಕ್ಷಾಯಣಿ ಆರು ತಿಂಗಳಿಗೇ ಕಲಿತಿದ್ದಳು.

"ಅತ್ತಿ ಭಾಳ ಉಂಡಾಳಂತ," ಎಂದು ನಕ್ಕಳು ದಾಕ್ಷಾಯಣಿ. "ಎಂಟು ವರ್ಷ ಉಂಡಿದ್ದನ್ನ ಒಂದಿನಾನೂ ಇಳಿಸಿಲ್ಲಂತ. ಹೊಟ್ಟಿ ನೋವಾಗಂಗಿಲ್ಲೇನು ಅಂತ ಕೇಳಾಕತ್ತಾಳ."

"ಬ್ಯಾಸಗಿಗೆ ಕರಗತೈತಿ ಅಂತ ಹೇಳು."

ಹೇಳಿದಳು. ಆಬಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಸಂಗನಬಸಪ್ಪನಿಗೆ ಒಳಗೊಳಗೇ ಚುರುಕ್ ಅಂದಿತು. ಯಾಕೆಂದರೆ ಅದೇ ಮಾತನ್ನು ಅವನೂ ಡಿಸೆಂಬರಿನಲ್ಲಿ ಮೇಲಧಿಕಾರಿಗಳಿಗೆ ಬರೆದಿದ್ದ. ಎರಡು ದಿನ ಬಸ್ತಿ ಖಾಲಿ ಮಾಡಿಸಿ, ಜಾಲವನ್ನು ತುಸು ಸಡಿಲಿಸಿ, ಇಷ್ಟಿಷ್ಟೇ ಹಿಮ ಇಳಿಸೋಣ ಎಂದಿದ್ದ. ಎಂಟು ವರ್ಷದ ದಾಖಲೆಯನ್ನು ನಾವೇ ಯಾಕೆ ಮುರಿಯಬೇಕು ಎಂದು ಉತ್ತರ ಬಂದಿತ್ತು. ಅವನೂ ಹೆಚ್ಚು ಒತ್ತಾಯ ಮಾಡಲಿಲ್ಲ. ದಾಖಲೆ ಅವನದೂ ಆಗಿತ್ತಲ್ಲ.

ಊಟ ಮುಗಿಸಿ ಅವನು ಕೇಂದ್ರಕ್ಕೆ ಹೋದ. ಅದು ಹಳೇ ಊರಿನ ನೆತ್ತಿಯ ಮೇಲಿನ ಎರಡು ಕೋಣೆಯ ಕಟ್ಟಡ. ಹೋದವನಿಗೆ ಮೂರು ದಿನ ಹಿಂದಿರುಗಲಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಕೇಂದ್ರದ ದೀಪಗಳು ಒಮ್ಮೆ ಕಣ್ಣು ಮಿಟುಕಿಸಿದವು. ತೊರೆಯ ನೀರಿನಿಂದ ತಿರುಗುತ್ತ ಜಾಲಕ್ಕೆ ವಿದ್ಯುತ್ತು ಕೊಡುವ ಪುಟ್ಟ ಟರ್ಬೈನು ನಿಂತಿತ್ತು. ನೀರು ಒಳಬರುವ ಬಾಯಿಗೆ ಮಂಜುಗಡ್ಡೆ ಕಟ್ಟಿಕೊಂಡಿರಬೇಕು. ಪಲ್ದನ್ ಹಾರೆ ತೆಗೆದುಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಹೊರಟ.

"ಎಷ್ಟು ಹೊತ್ತು ಬೇಕು?" ಎಂದು ಹಿಂದಿಯಲ್ಲಿ ಕೇಳಿದ ಸಂಗನಬಸಪ್ಪ.

"ಹೋಗಿ ನೋಡಿದ ಮೇಲೆ ಗೊತ್ತು ಸಾಬ್."

ಈಗ ಜಾಲ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಪರದೆಯ ಮೂಲೆಯಲ್ಲಿ ಎಪ್ಪತ್ತೊಂದು ನಿಮಿಷ ಎಂದು ತೋರಿಸಿತು. ದೊಡ್ಡತ್ತೆಯ ಮೈಮೇಲೆ ಯಾವ ವರ್ಷವೂ ಇರದಷ್ಟು ಹಿಮವಿತ್ತು, ಇನ್ನೂ ಬೀಳುತ್ತಿತ್ತು. ಸಂಗನಬಸಪ್ಪ ಮೇಲಿನವರಿಗೆ ವೈರ್‌ಲೆಸ್ಸಿನಲ್ಲಿ ಹೇಳಿದ. ಹೆಲಿಕಾಪ್ಟರ್ ಹಾರುವ ಹವೆಯಲ್ಲ, ಪರಿಸ್ಥಿತಿ ಗಮನಿಸುತ್ತಿರಿ ಎಂದರು. ಗಮನಿಸುವುದಕ್ಕೆ ಅವನಿಗೇನು ಕಷ್ಟ? ಎಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಆಮೇಲೆ ಮನೆಯ ವೈರ್‌ಲೆಸ್ ಸೆಟ್ಟಿಗೆ ಕರೆ ಮಾಡಿದ.

"ದಾಕ್ಷಾ, ಕೇಳಿಸ್ತೇನು? ಈಗಿಂದೀಗ ಹೊಂಡು. ಹಳೇ ಊರಿಗೆ ಬಾ."

"ಈ ಗಾಳ್ಯಾಗ? ಒಲಿ ಮ್ಯಾಲ ಬ್ಯಾಳಿ ಇಟ್ಟೀನ್ರಿ."

"ಬ್ಯಾಳಿ ಬಿಡು. ಕರೆಂಟು ಹೋಗೇತಿ. ಎರಡು ಗಂಟೀ ತನಾ ಹಿಡದೀತು. ನೀ ಹೊಂಟ್ರ ಎಲ್ಲಾರೂ ಹೊಂಡ್ತಾರ, ನೀ ಕುಂತ್ರ ಯಾರೂ ಏಳಂಗಿಲ್ಲ."

ಅವಳ ದನಿ ಬೇರೆಯೇ ಆಯಿತು. "ಮತ್ತ ಗ್ಯಾರಂಟಿ ಅಂದಿದ್ರೆಲ್ರೀ ನೀವು."

"ಅಂದಿದ್ದೆ," ಎಂದ.

"ಆತು. ಆಬಿ ಹಗ್ಗ ತರಾಕ ಹೇಳ್ತಾಳ. ಎಲ್ಲಾರೂ ಒಂದs ಹಗ್ಗಕ್ಕ ಕಟ್ಟಿಕೊಂಡು ಬರಬೇಕಂತ. ಮುಂದ ನಾ, ನನ್ನ ಹಿಂದ ಆಬಿ, ನಡಬರಕ ಹುಡುಗ್ರು, ಗಟ್ಟಿ ಇದ್ದವರು ಕಡೀಕ." ಸೆಟ್ಟು ಗೋಡೆಗೆ ಜಡಿದದ್ದು, ಹೊತ್ತು ತರುವ ಹಾಗಿರಲಿಲ್ಲ. "ಇಡ್ತೀನ್ರಿ," ಎಂದಳು. ಅಷ್ಟೇ.

ಬಸ್ತಿಯಿಂದ ಹಳೇ ಊರಿಗೆ ದೊಡ್ಡತ್ತೆಯ ಪಾದವನ್ನು ಅಡ್ಡ ಹಾಯ್ದು ಬರಬೇಕು. ಬೇರೆ ದಾರಿಯಿಲ್ಲ. ಬೇಸಿಗೆಯಲ್ಲಿ ಹದಿನೈದು ನಿಮಿಷದ ನಡಿಗೆ. ಹೊಸ ಹಿಮದಲ್ಲಿ ಮೂವತ್ತೈದು ಎಂದು ಲೆಕ್ಕ ಹಾಕಿದ. ಎಂಬತ್ತರ ಮುದುಕಿ ಎರಡನೆಯವಳಾಗಿ ಹಗ್ಗದಲ್ಲಿದ್ದರೆ ಮೂವತ್ತನಾಲ್ಕು ಜನವೂ ಅವಳ ಹೆಜ್ಜೆಯನ್ನೇ ನಡೆಯಬೇಕು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಜಾಲದ ತಂತಿಗಳು ಭಾರವನ್ನೂ ತೋರಿಸುತ್ತಿದ್ದವು. ಒಂದು ನರಿ ನಡೆದು ಹೋದರೂ ಪರದೆಯ ಮೇಲೆ ಚುಕ್ಕೆ ಹರಿಯುತ್ತಿತ್ತು. ಒಂದೂ ಹತ್ತಕ್ಕೆ ಇಳಿಜಾರಿನ ಎಡ ಅಂಚಿನಲ್ಲಿ ಮೊದಲ ಚುಕ್ಕೆ ಕಾಣಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೂವತ್ತನಾಲ್ಕು ಚುಕ್ಕೆಗಳ ಸಾಲು ಬೆಳ್ಳಗಿನ ಪರದೆಯ ಮೇಲೆ ತೆವಳಿತು. ಎಲ್ಲಕ್ಕಿಂತ ಮುಂದಿನದು ಅವನ ಹೆಂಡತಿ.

ಹತ್ತು ನಿಮಿಷ ನೋಡಿದ. ಸಾಲು ಕಾಲು ಭಾಗವೂ ಬಂದಿರಲಿಲ್ಲ. ಗಾಳಿ ತಂದು ಸುರಿದ ಹಿಮ ಜಾಲದ ಮೇಲೆ ಹೊರೆ ಹೆಚ್ಚಿಸಿತ್ತು, ಬ್ಯಾಟರಿಯ ನಿಮಿಷಗಳು ಗಡಿಯಾರಕ್ಕಿಂತ ಬೇಗ ಇಳಿಯುತ್ತಿದ್ದವು. ಅವನು ಎದ್ದು ಹೀಟರ್ ಆರಿಸಿದ. ನೀರಿನ ಕೊಳವೆ ಹೆಪ್ಪುಗಟ್ಟದಂತೆ ಇಟ್ಟ ಸುರುಳಿ ಆರಿಸಿದ. ಕೋಣೆಯ ದೀಪಗಳನ್ನೂ ಬಿಡಲಿಲ್ಲ. ಪ್ರತಿ ಸಲ ಓಡಿಬಂದು ಪರದೆ ನೋಡುತ್ತಿದ್ದ. ಇಲ್ಲಿ ಒಂದು ನಿಮಿಷ, ಅಲ್ಲಿ ಅರ್ಧ ನಿಮಿಷ ಸಿಗುತ್ತಿತ್ತು. ಬೇರೆ ಏನು ಮಾಡಲೂ ಅವನ ಕೈಯಲ್ಲಿ ಇರಲಿಲ್ಲ. ಓಡಿ ಹೋಗಿ ಎದುರುಗೊಳ್ಳೋಣವೆಂದರೆ ಜಾಲ ಬಿಟ್ಟು ಹೋಗುವ ಹಾಗಿಲ್ಲ, ಮಿಡಿತವನ್ನು ಗಳಿಗೆಗೊಮ್ಮೆ ತಿದ್ದುತ್ತಿರಬೇಕು.

ಇನ್ನೇನು ಉಳಿದಿದೆ ಎಂದು ಸುತ್ತ ಕಣ್ಣಾಡಿಸಿದಾಗ ಕಿಟಕಿಯಾಚೆ ಕಂಬದ ಮೇಲಿನ ದೊಡ್ಡ ಹಳದಿ ದೀಪ ಕಂಡಿತು. ಹಾಡಹಗಲು ಒಂದೂವರೆ ಗಂಟೆಗೆ ಉರಿಯುತ್ತ ನಿಂತಿದೆ. ಹೆಲಿಕಾಪ್ಟರಿಗೆಂದು ಹಾಕಿಸಿದ್ದಿರಬೇಕು ಎಂದೇ ಅವನು ತಿಳಿದಿದ್ದ. ಪಲ್ದನ್ ಹಾಕಿಸಿದ್ದು, ಯಾಕೆಂದು ಕೇಳಿರಲಿಲ್ಲ. ಹಗಲು ಹೊತ್ತು ದೀಪ ಉರಿಸಿದರೆ ತಾಯಿಯಿಂದ ಬೈಸಿಕೊಂಡೇ ಬೆಳೆದವನು ಸಂಗನಬಸಪ್ಪ. ಥೂ, ಇದನ್ನು ಮೊದಲೇ ನೋಡಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡು ಗುಂಡಿ ಒತ್ತಿದ. ಪರದೆಯಲ್ಲಿ ನಾಲ್ಕು ನಿಮಿಷ ಏರಿತು. ಅಷ್ಟು ದೊಡ್ಡ ಲಾಭ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಅದಾಗಿ ಎರಡು ನಿಮಿಷಕ್ಕೆ ಚುಕ್ಕೆಗಳು ನಿಂತುಬಿಟ್ಟವು.

ಸಾಲು ಇಳಿಜಾರಿನ ಅರ್ಧ ದಾಟಿ ತುಸು ಮುಂದೆ ಬಂದಿತ್ತು. ಆಬಿಗೆ ಸುಸ್ತಾಗಿರಬೇಕು, ಕೂತು ಏಳಲಿ ಎಂದುಕೊಂಡ. ಒಂದು ನಿಮಿಷವಾಯಿತು. ಮೂರಾಯಿತು. "ಏಳs ತಾಯಿ," ಎಂದು ಪರದೆಗೆ ಹೇಳಿದ. ಐದಾಯಿತು. ಮುದುಕಿಯನ್ನು ಹೊತ್ತುಕೊಳ್ಳುವುದಕ್ಕೆ ನವಾಂಗ್‌ಗೆ ಏನಾಗಿದೆ? ದಾಕ್ಷಾಯಣಿ ಯಾಕೆ ಸುಮ್ಮನೆ ನಿಂತಿದ್ದಾಳೆ? ಇಷ್ಟು ತಿಳಿದವಳು, ಎರಡು ಗಂಟೆ ಎಂದು ಬಾಯಿಬಿಟ್ಟು ಹೇಳಿದ್ದೇನಲ್ಲ. ಅವನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಎಂಟು ವರ್ಷ ಬೆಟ್ಟವನ್ನು ಹಿಡಿದು ನಿಲ್ಲಿಸಿದ ಮನುಷ್ಯ ಮೂವತ್ತನಾಲ್ಕು ಚುಕ್ಕೆಗಳನ್ನು ಒಂದು ಗೇಣು ಸರಿಸಲಾಗದೆ ಕೂತಿದ್ದ.

ಒಂದೂ ಮುಕ್ಕಾಲಿಗೆ ಬಾಗಿಲು ದಬಾರನೆ ತೆರೆಯಿತು. ಪಲ್ದನ್ ಮೈತುಂಬ ಹಿಮ ಮೆತ್ತಿಕೊಂಡು ಬಂದು ನಿಂತ. ಟರ್ಬೈನಿನ ವಿಷಯ ಹೇಳುವುದಕ್ಕೂ ಮುಂಚೆ ಅವನು ಕೇಳಿದ್ದು ಇದನ್ನು:

"ಸಾಬ್, ದೀಪ ಯಾಕೆ ಆರಿದೆ?"

"ನಾನೇ ಆರಿಸಿದೆ. ಹಗಲಲ್ಲವೇ?"

ಪಲ್ದನ್ ಅವನನ್ನು ತಳ್ಳಿಕೊಂಡೇ ಹೋಗಿ ಗುಂಡಿ ಒತ್ತಿದ. ಆಮೇಲೆ ಪರದೆ ನೋಡಿದ. ಏನು ಹೇಳುವುದೂ ಬೇಕಿರಲಿಲ್ಲ, ಆದರೂ ನಿಧಾನವಾಗಿ ಹೇಳಿದ. ಇಂಥ ಗಾಳಿಯಲ್ಲಿ ಹಗಲೂ ಒಂದೇ, ರಾತ್ರಿಯೂ ಒಂದೇ. ನೆಲ ಬಿಳಿ, ಆಕಾಶ ಬಿಳಿ, ತನ್ನ ಕಾಲು ತನಗೆ ಕಾಣುವುದಿಲ್ಲ. ಇಳಿಜಾರು ದಾಟುವವರು ಹಳೇ ಊರಿನ ದೀಪವನ್ನೇ ಗುರಿಯಾಗಿಟ್ಟುಕೊಂಡು ನಡೆಯುವುದು. ದೀಪ ಆರಿದರೆ ನಿಂತಲ್ಲೇ ನಿಲ್ಲಬೇಕು, ಮತ್ತೆ ಹತ್ತುವವರೆಗೆ ಒಂದು ಹೆಜ್ಜೆ ಇಡಬಾರದು. ಇಟ್ಟರೆ ಕೆಳಗೆ ಕೊರಕಲು. ಅದನ್ನು ಇಲ್ಲಿ ನಡೆಯಲು ಕಲಿಯುವ ಕೂಸಿಗೂ ಹೇಳಿಕೊಡುತ್ತಾರೆ.

"ನನಗ್ಯಾರೂ ಹೇಳಲಿಲ್ಲ," ಎಂದ ಸಂಗನಬಸಪ್ಪ.

"ನೀವು ಜಾಲ ಹಾಕಿದ ಮೇಲೆ ಚಳಿಗಾಲದಲ್ಲಿ ಯಾರೂ ದಾಟಿಲ್ಲವಲ್ಲ ಸಾಬ್."

ಪರದೆಯ ಮೇಲೆ ಚುಕ್ಕೆಗಳು ಮಿಸುಕಿದವು. ಮೊದಲನೆಯದು ಮುಂದೆ ಸರಿಯಿತು, ಎರಡನೆಯದು ಅದರ ಹಿಂದೆ. ಹನ್ನೆರಡು ನಿಮಿಷ ವ್ಯರ್ಥವಾಗಿತ್ತು. ಟರ್ಬೈನಿನ ಬಾಯಿ ಕಲ್ಲಿನಂತೆ ಕಟ್ಟಿದೆ, ಹಾರೆಯೇ ಮುರಿಯಿತು ಎಂದು ಪಲ್ದನ್ ಈಗ ಹೇಳಿದ. ಬ್ಯಾಟರಿಯಲ್ಲಿ ಒಂಬತ್ತು ನಿಮಿಷವಿತ್ತು. ಆ ನಡಿಗೆಯಲ್ಲಿ ಕೊನೆಯ ಚುಕ್ಕೆ ದಾಟಲು ಹದಿನಾಲ್ಕಾದರೂ ಬೇಕು.

ದೀಪ ಆರಿಸುವಂತಿಲ್ಲ. ಉಳಿದದ್ದು ಪರದೆ ಮತ್ತು ಅದರ ಗಣಕಯಂತ್ರ. ಅದು ಆರಿದರೆ ಮಿಡಿತ ಈಗಿದ್ದ ಹಾಗೇ ಕಣ್ಣುಮುಚ್ಚಿ ಬಡಿಯುತ್ತದೆ, ತಿದ್ದುವುದಕ್ಕಾಗುವುದಿಲ್ಲ. ಆದರೆ ಮೂರು ನಿಮಿಷ ಸಿಗುತ್ತದೆ. ಸಂಗನಬಸಪ್ಪ ಮೊದಲ ಚುಕ್ಕೆಯ ಮೇಲೆ ಬೆರಳಿಟ್ಟ. ಪಲ್ದನನ ಕಣ್ಣು ಸಾಲಿನ ಕೊನೆಯಲ್ಲಿತ್ತು, ಅಲ್ಲಿ ಅವನ ತಮ್ಮನಿದ್ದ.

"ಆರಿಸಿ ಸಾಬ್," ಎಂದ ಪಲ್ದನ್.

ಆರಿಸಿದ. ಇಬ್ಬರೂ ಹೊರಗೆ ಬಂದು, ದೀಪದ ಕಂಬ ಹಿಡಿದುಕೊಂಡು ಕೆಳಗೆ ನೋಡುತ್ತ ನಿಂತರು. ಏನೂ ಕಾಣುತ್ತಿರಲಿಲ್ಲ. ಸಂಗನಬಸಪ್ಪ ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದ, ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದ. ತಲೆಯ ಮೇಲಿನ ದೀಪ ಕೆಂಪಗಾಗಿ, ಮಂಕಾಗಿ, ಆರಿತು.

ಅದಾದ ಮೇಲೂ ದೊಡ್ಡತ್ತೆ ಒಂದಷ್ಟು ಹೊತ್ತು ಸುಮ್ಮನಿದ್ದಳು. ಎಷ್ಟು ಹೊತ್ತೆಂದು ಆಮೇಲೆ ಇಬ್ಬರಿಗೂ ಹೇಳಲಾಗಲಿಲ್ಲ. ಮೊದಲು ಕಾಲಡಿಯ ಬಂಡೆ ನಡುಗಿತು. ಸದ್ದು ಆಮೇಲೆ ಬಂತು. ಎಂಟು ವರ್ಷದ್ದು ಒಟ್ಟಿಗೆ ಇಳಿಯುವ ಸದ್ದು ಅದು. ಗಾಳಿ ಬಂದು ಇಬ್ಬರನ್ನೂ ಗೋಡೆಗೆ ಒಗೆಯಿತು. ಬಯಲಿನಲ್ಲಿದ್ದ ಮನೆಗಳು, ಒಲೆಯ ಮೇಲಿನ ಬೇಳೆ, ಗೋಡೆಗೆ ಜಡಿದ ಸೆಟ್ಟು ಎಲ್ಲವೂ ಅದರಲ್ಲಿ ಹೋದವು. ಸಂಗನಬಸಪ್ಪ ಎದ್ದು, ಬಿದ್ದು, ಹಳೇ ಊರಿನ ಕಡೆ ಜಾರುತ್ತಲೇ ಇಳಿದ.

ಊರಂಚಿನ ಮೊದಲ ಬಂಡೆಯ ಹತ್ತಿರ ದಾಕ್ಷಾಯಣಿ ಮಂಡಿಯೂರಿ ಕೂತಿದ್ದಳು. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಅವಳ ಭುಜ ಹಿಡಿದು ಅಲುಗಿಸಿದ. ಜೀವವಿತ್ತು. ಅವಳ ಹಿಂದೆ ಆಬಿ, ಆಬಿಯ ಹಿಂದೆ ಮಕ್ಕಳು, ಹೆಂಗಸರು. ಅವನು ಎಣಿಸಿದ. ಇಪ್ಪತ್ತೆಂಟಕ್ಕೆ ಸಾಲು ಮುಗಿಯಿತು.

ಪಲ್ದನ್ ಅವರನ್ನೆಲ್ಲ ದಾಟಿ ಹೋಗಿ ಉಳಿದ ಹಗ್ಗವನ್ನು ಎಳೆಯತೊಡಗಿದ. ಅದು ಹಗುರವಾಗಿ ಬಂತು. ತುದಿ ಕೈಗೆ ಸಿಕ್ಕಾಗ ಅವನು ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಹಗ್ಗ ಹರಿದಿರಲಿಲ್ಲ. ಚೂರಿಯಿಂದ ಒಂದೇ ಏಟಿಗೆ ಕೊಯ್ಯಲಾಗಿತ್ತು. ಮುಂದಿನವರನ್ನು ತಮ್ಮ ಜೊತೆ ಎಳೆದುಕೊಂಡು ಹೋಗಬಾರದೆಂದು ಕೊಯ್ದದ್ದು. ಹಗ್ಗದ ಆ ತುದಿಯಲ್ಲಿ ಇದ್ದವರು ಆರು ಜನ, ಅವರಲ್ಲಿ ಮುಂದಿನವನು ನವಾಂಗ್.

ಆಬಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮಗನ ಕೈಯಲ್ಲಿದ್ದ ಹಗ್ಗದ ತುದಿ ನೋಡಿದಳು, ತಿಳಿಯಿತು. ಅವಳು ಅಳಲಿಲ್ಲ. ದಾಕ್ಷಾಯಣಿಯ ಸೊಂಟದ ಗಂಟು ಹೆಪ್ಪುಗಟ್ಟಿ ಬಿಗಿದುಕೊಂಡಿತ್ತು. ಮುದುಕಿ ಕೈಗವಸು ತೆಗೆದು, ಬರಿಗೈಯಲ್ಲಿ, ಬಾಯಿಯ ಬಿಸಿ ಊದುತ್ತ ಅದನ್ನು ಬಿಚ್ಚಲು ತೊಡಗಿದಳು. ಬಿಚ್ಚುತ್ತಲೇ ಪಲ್ದನನ ಕಡೆ ತಿರುಗದೆ ಒಂದು ಮಾತು ಕೇಳಿದಳು. ಪಲ್ದನ್ ಒಂದೇ ಪದದಲ್ಲಿ ಉತ್ತರ ಕೊಟ್ಟ.

"ಏನ್ ಕೇಳಿದ್ಲು?" ಎಂದ ಸಂಗನಬಸಪ್ಪ.

ದಾಕ್ಷಾಯಣಿಯ ತುಟಿ ಮರಗಟ್ಟಿ ಮಾತು ತೊದಲುತ್ತಿತ್ತು. "ನಡಬರಕ ದೀಪ ಯಾಕ ಆರಿತು ಅಂತ. ಗಾಳಿಗೆ ಅಂದ ಅವಾ."

ಪಲ್ದನ್ ಹಗ್ಗ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. ತಮ್ಮನನ್ನು ಕಳೆದುಕೊಂಡ ಮನುಷ್ಯ ತಾಯಿಯೆದುರು ಸಂಗನಬಸಪ್ಪನಿಗಾಗಿ ಸುಳ್ಳು ಹೇಳಿದ್ದಾನೆ. ಇನ್ನು ಇವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಗಾಳಿಯನ್ನು ಯಾರೂ ಏನೂ ಕೇಳುವುದಿಲ್ಲ. ಸಂಗನಬಸಪ್ಪನಿಗೆ ಇದೆಲ್ಲ ಅರ್ಥವಾಯಿತು. ಸುಮ್ಮನಿರಬೇಕೆಂದೇ ಇದ್ದ, ಆದರೆ ಮಾತು ತಾನಾಗಿ ಹೊರಬಿತ್ತು.

"ಗಾಳಿ ಅಲ್ಲ ದಾಕ್ಷಾ. ನಾನs ಆರಿಸೀನಿ. ಹಗಲೊತ್ತು ಸುಮ್ನ ಉರಿಯಾಕತ್ತೇತಿ, ನಾಕು ನಿಮಿಷ ಉಳದೀತು ಅಂತ. ನನ್ನ ಕೈಲೆ ಆರಿಸೀನಿ."

ಹೇಳಿದ್ದು ಕನ್ನಡದಲ್ಲಿ. ಅಲ್ಲಿದ್ದ ಅಷ್ಟೂ ಜನರಲ್ಲಿ ಅದು ತಿಳಿದದ್ದು ಒಬ್ಬಳಿಗೇ. ಆದರೆ ದನಿ ಎಲ್ಲರಿಗೂ ಕೇಳಿಸಿತ್ತು, ಎಲ್ಲರೂ ದಾಕ್ಷಾಯಣಿಯ ಕಡೆ ನೋಡಿದರು. ಗಂಟಿನಿಂದ ಕಣ್ಣು ತೆಗೆಯದೆ ಆಬಿ ಕೇಳಿದಳು. ಏನಂದ ಎಂದು ಕೇಳಿದ್ದೆಂಬುದು ಸಂಗನಬಸಪ್ಪನಿಗೂ ಗೊತ್ತಾಯಿತು.

ಪಲ್ದನ್ ಈಗ ತಲೆ ಎತ್ತಿದ. ಬೇಡ ಎನ್ನುವಂತೆ ಕತ್ತು ಇಷ್ಟೇ ಅಲ್ಲಾಡಿಸಿದ.

ದಾಕ್ಷಾಯಣಿ ಅವನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಮುದುಕಿಯ ಕಡೆ ತಿರುಗಿ, ಅವರ ಭಾಷೆಯಲ್ಲಿ, ಒಂದು ಮಾತೂ ಬಿಡದೆ ಹೇಳಿದಳು. ಅವಳು ಹೇಳುತ್ತಿದ್ದಷ್ಟು ಹೊತ್ತೂ ಆಬಿಯ ಬೆರಳುಗಳು ಗಂಟಿನ ಮೇಲೆ ಆಡುತ್ತಲೇ ಇದ್ದವು. ಹೇಳಿ ಮುಗಿಸಿದ ಮೇಲೆ, ಅರ್ಧ ಬಿಚ್ಚಿದ್ದ ಗಂಟನ್ನು ಹಾಗೆಯೇ ಬಿಟ್ಟು, ಮುದುಕಿ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.